ಹಂಪೆಯ ನೋಟವೂ ನಡುಹಗಲಿನ ವಿಶ್ರಾಂತಿಯೂ

“ದೇಶ ಸುತ್ತು, ಇಲ್ಲವೆ ಕೋಶ ಓದು” ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಓದುವ ಕ್ರಮವನ್ನು ಕಲಿಸಲು ಕಾಲೇಜುಗಳುಂಟು, ಅಧ್ಯಾಪಕರುಂಟು, ಗ್ರಂಥಾಲಯಗಳುಂಟು. ದೇಶ ಸುತ್ತುವ ಕ್ರಮವನ್ನು ಮಾತ್ರ ಯಾರೂ ಪಾಠ ಮಾಡಿ ಹೇಳುವುದಿಲ್ಲ. ಕಾಲಿದ್ದವರೆಲ್ಲ ಸುತ್ತಬಲ್ಲರು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸುತ್ತುವುದರಲ್ಲಿ ನಡೆಯುವುದೆಷ್ಟು ಮುಖ್ಯವೋ, ತಕ್ಕ ಹೊತ್ತಿನಲ್ಲಿ ನಿಲ್ಲುವುದೂ ಅಷ್ಟೇ ಮುಖ್ಯ. ವಿಶಾಲವಾದ ಒಂದು ಪ್ರೇಕ್ಷಣೀಯ ಸ್ಥಳಕ್ಕೆ ಹೋಗಿ, ಅದರ ಹೊರಗೆ ಬೇರೆ ಊರಿನಲ್ಲಿ ತಂಗಿರುವವರು ನಡುಹಗಲಿನಲ್ಲಿ ವಿಶ್ರಾಂತಿ ಪಡೆಯಬೇಕೆ, ಪಡೆಯುವುದಾದರೆ ಎಲ್ಲಿ, ಹೇಗೆ ಎಂಬುದೇ ಈ ಲೇಖನದ ವಿಷಯ.

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1971ರಲ್ಲಿ ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿಶಾಲ ವಿಹಾರೋದ್ಯಾನಕ್ಕೆ ಹೋಗುವ ಕುಟುಂಬಗಳಲ್ಲಿ ಎಷ್ಟೋ ಮಂದಿ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಒಳಹೊಕ್ಕು, ಮಧ್ಯಾಹ್ನ ವಸತಿಗೆ ಮರಳಿ, ಬಿಸಿಲಿಳಿದ ಮೇಲೆ ಮತ್ತೆ ಹೋಗುತ್ತಾರೆ. ಆವರಣದೊಳಗೇ ತಂಗಿದವರಿಗೆ ಇದು ಸುಲಭ. ಹೊರಗೆ ಕಡಿಮೆ ಬಾಡಿಗೆಯ ಕೋಣೆ ಹಿಡಿದವರಿಗೆ ಹೋಗಿ ಬರುವ ದಾರಿಯ ಲೆಕ್ಕ ಎದುರಾಗುತ್ತದೆ. ಫ್ಲೋರಿಡಾ ನಮಗೆ ದೂರ. ಆದರೆ ನಮ್ಮ ಮಗ್ಗುಲಲ್ಲೇ ಹಂಪೆಯಿದೆ. ಅಲ್ಲಿಯೂ ಲೆಕ್ಕ ಇದೇ.

ಹಂಪೆಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೀಗೆ ಗುರುತಿಸಿದ ಪ್ರದೇಶ ಸುಮಾರು 42 ಚದರ ಕಿಲೋಮೀಟರುಗಳಷ್ಟು ಹರಡಿದೆ. ಅದು ಒಂದು ಗುಡಿಯಲ್ಲ, ಒಂದು ಕೋಟೆಯೂ ಅಲ್ಲ. 1565ರ ಯುದ್ಧದ ನಂತರ ಹಾಳಾದ ಇಡೀ ಒಂದು ರಾಜಧಾನಿ. ಸ್ಮಾರಕಗಳ ಸಂರಕ್ಷಣೆಗಾಗಿ 2011ರಲ್ಲಿ ವಿರೂಪಾಕ್ಷ ಬಜಾರಿನಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ನದಿಯಾಚೆಯ ವಿರುಪಾಪುರ ಗಡ್ಡೆಯಲ್ಲಿದ್ದ ವಸತಿಗೃಹಗಳನ್ನು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ಕೆಡವಲಾಯಿತು. ಹೀಗಾಗಿ ಬಹುಮಂದಿ ಪ್ರವಾಸಿಗರು ಸುಮಾರು 13 ಕಿಲೋಮೀಟರು ದೂರದ ಹೊಸಪೇಟೆಯಲ್ಲೋ, ನಾಲ್ಕೈದು ಕಿಲೋಮೀಟರು ದೂರದ ಕಮಲಾಪುರದಲ್ಲೋ ತಂಗುತ್ತಾರೆ. ನಮ್ಮ ಬ್ರೂಸ್‌ಪೇಟೆಯಂಥ ಕಡೆಯಿಂದ ಹೊರಡುವವರು ಎಲ್ಲಿಯೂ ತಂಗದೆ, ಸುಮಾರು 60 ಕಿಲೋಮೀಟರು ಹೋಗಿ ಅದೇ ರಾತ್ರಿ ಮನೆ ಸೇರುವುದೇ ಹೆಚ್ಚು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹಂಪೆ ಈಗ ಪಕ್ಕದ ಜಿಲ್ಲೆಗೆ ಸೇರಿದೆ. ಬಿಸಿಲು ಮಾತ್ರ ಎರಡು ಜಿಲ್ಲೆಗೂ ಒಂದೇ.

ಇನ್ನು ಆ ಬಿಸಿಲಿನ ವಿಚಾರ. ಬಳ್ಳಾರಿಯಲ್ಲಿರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ಹಾಸ್ಯ ಮಾಡುವುದುಂಟು. ಹಾಸ್ಯದ ಹಿಂದೆ ಭೂಗೋಳದ ಕಾರಣವೊಂದಿದೆ. ಬಳ್ಳಾರಿ, ಹಂಪೆಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ತಿಂಗಳ ಆರಂಭದಲ್ಲೊಮ್ಮೆ, ಆಗಸ್ಟ್ ತಿಂಗಳಲ್ಲೊಮ್ಮೆ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ಹಾಯುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೂ ನಡುಹಗಲಿನಲ್ಲಿ ನೆರಳಿರುವುದಿಲ್ಲ. ನಮ್ಮ ಗಡಿಯಾರಗಳು ಪೂರ್ವದ 82.5 ಡಿಗ್ರಿ ರೇಖಾಂಶದ ಕಾಲವನ್ನು ತೋರಿಸುತ್ತವೆ; ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ. ಆದುದರಿಂದ ಮೇ ತಿಂಗಳಲ್ಲಿ ಇಲ್ಲಿಯ ನಿಜವಾದ ನಡುಹಗಲು ಸುಮಾರು 12 ಗಂಟೆ 20 ನಿಮಿಷಕ್ಕೆ ಆಗುತ್ತದೆ. ಅದಾದ ಕೂಡಲೇ ಸೆಕೆ ಇಳಿಯತೊಡಗುತ್ತದೆಂದು ತಿಳಿಯಬಾರದು. ನೆಲವು ತಾನು ಬಿಡುವ ಶಾಖಕ್ಕಿಂತ ಹೆಚ್ಚಿನ ಶಾಖವನ್ನು ಇನ್ನೂ ಎರಡು ಮೂರು ಗಂಟೆಗಳ ಕಾಲ ಪಡೆಯುತ್ತಲೇ ಇರುತ್ತದೆ. ಹೀಗಾಗಿ ಗಾಳಿಯ ಶಾಖ ಪರಮಾವಧಿಗೇರುವುದು ಸಾಮಾನ್ಯವಾಗಿ ಮೂರು ಗಂಟೆಯ ಆಸುಪಾಸಿನಲ್ಲಿ. ಊಟ ಮುಗಿಸಿ ಎರಡು ಗಂಟೆಗೆ ಮತ್ತೆ ಹೊರಡುವವರು ತಂಪಿಗಲ್ಲ, ಹೆಚ್ಚಿನ ಕಾವಿಗೇ ಹೊರಡುತ್ತಾರೆ.

ಹಂಪೆಯಲ್ಲಿ ಇದರ ಜೊತೆಗೆ ಕಲ್ಲೂ ಸೇರುತ್ತದೆ. ಅಲ್ಲಿನ ಗುಂಡುಗಳು, ಚಪ್ಪಡಿಗಳು, ಕಂಬಗಳು ಬಹುಪಾಲು ಗ್ರಾನೈಟ್ ಶಿಲೆ. ಬೆಳಗಿನಿಂದ ಕಾವನ್ನು ಹೀರಿದ ಕಲ್ಲು ಮಧ್ಯಾಹ್ನ ಅದನ್ನು ಸುತ್ತಲೂ ಬೀರುತ್ತದೆ. ನೋಡುವವನಿಗೆ ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾವು. ಗುಡಿಯ ಅಂಗಳದಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಯ ಶಾಖ ನಮ್ಮ ಮೈಯ ಶಾಖವಾದ 37 ಡಿಗ್ರಿಯನ್ನು ಮೀರಿದಾಗ ಮೈ ತಂಪಾಗಲು ಉಳಿಯುವ ದಾರಿ ಒಂದೇ: ಬೆವರು ಸುರಿದು ಆವಿಯಾಗುವುದು. ನೀರು ಸಾಲದೆ ಬಂದರೆ ಆ ದಾರಿಯೂ ಮುಚ್ಚುತ್ತದೆ. ಮೊದಲು ಸ್ನಾಯು ಹಿಡಿಯುವುದು, ತಲೆನೋವು, ವಾಕರಿಕೆ, ಅನಂತರ ತಲೆಸುತ್ತು. ಮೈ 40 ಡಿಗ್ರಿ ಮುಟ್ಟಿ ಮಾತು ತೊದಲಿತೆಂದರೆ ಅದು ಪ್ರಾಣಕ್ಕೇ ಅಪಾಯ. ವೃದ್ಧರಿಗೂ ಎಳೆಯ ಮಕ್ಕಳಿಗೂ ಈ ಭಯ ಹೆಚ್ಚು.

ಹಾಗಾದರೆ ದಾರಿಯ ಲೆಕ್ಕವೇನು? ಹನ್ನೊಂದೂವರೆಯಿಂದ ನಾಲ್ಕರವರೆಗೆ ನಾಲ್ಕೂವರೆ ಗಂಟೆಗಳ ಬಿಡುವೆಂದು ಇಟ್ಟುಕೊಳ್ಳೋಣ. ಕಮಲಾಪುರದಲ್ಲಿ ತಂಗಿದವನಿಗೆ ಹೋಗಿಬರಲು ಅರ್ಧ ಗಂಟೆ ಸಾಕು. ನಾಲ್ಕು ಗಂಟೆ ಉಳಿಯುತ್ತದೆ. ಹೊಸಪೇಟೆಯವನಿಗೆ ಬಸ್ಸಿಗೆ ಕಾಯುವ ಹೊತ್ತೂ ಸೇರಿ ಒಂದೂವರೆ ಗಂಟೆ ಹಿಡಿಯಬಹುದು. ಮೂರು ಗಂಟೆ ಉಳಿಯುತ್ತದೆ. ಅದೂ ಲಾಭವೇ. ಬಳ್ಳಾರಿಯಿಂದ ಬಂದವನಿಗೆ ಹೋಗಿಬರುವುದಕ್ಕೇ ಮೂರು ಗಂಟೆ. ಅವನು ಮನೆಗೆ ಮರಳುವ ಮಾತೇ ಇಲ್ಲ. ಆದರೆ ಮನೆಗೆ ಮರಳಲಾಗದು ಎಂದಮಾತ್ರಕ್ಕೆ ವಿಶ್ರಾಂತಿಯೇ ಆಗದು ಎನ್ನುವುದು ತರ್ಕವಲ್ಲ. ವಿಶ್ರಾಂತಿಗೆ ಬೇಕಾದುದು ನೆರಳು, ನೀರು, ಕಾಲು ಚಾಚಲು ಸ್ಥಳ. ಸ್ವಂತ ಮಂಚವೇ ಆಗಬೇಕೆಂದಿಲ್ಲ. ಕಮಲಾಪುರದಲ್ಲಿ ಊಟ ಮಾಡಿ, ಅಲ್ಲಿಯ ಪುರಾತತ್ವ ವಸ್ತುಸಂಗ್ರಹಾಲಯದ ನೆರಳಿನಲ್ಲಿ ಹಂಪೆಯ ಮಾದರಿಯನ್ನೂ ಶಿಲ್ಪಗಳನ್ನೂ ನಿಧಾನವಾಗಿ ನೋಡಬಹುದು. ಶುಕ್ರವಾರ ಅದಕ್ಕೆ ರಜೆ ಎಂಬುದು ನೆನಪಿರಲಿ. ನಾಲ್ಕೈದು ಕುಟುಂಬಗಳು ಕೂಡಿ ಹೋದರೆ ಅರ್ಧ ದಿನಕ್ಕೆ ಒಂದು ಕೋಣೆ ಸಿಗುತ್ತದೆಯೇ ಎಂದು ವಿಚಾರಿಸಿ ಖರ್ಚು ಹಂಚಿಕೊಳ್ಳಬಹುದು.

ಹೋದ ಬೇಸಿಗೆಯಲ್ಲಿ ನಮ್ಮ ಮನೆಯವರು ಹಂಪೆಗೆ ಹೋದಾಗ ಕಮಲಾಪುರದ ಬಂಧುಗಳಲ್ಲಿ ತಂಗಿದ್ದೆವು. ಕುರುಗೋಡಿನಿಂದ ಬಂದಿದ್ದ ನನ್ನ ಅಜ್ಜಿ ಹನ್ನೊಂದು ಗಂಟೆಯಾಗುತ್ತಲೇ ಮನೆಗೆ ನಡೆಯಿರಿ ಎಂದಳು. “ಇನ್ನೂ ಎಷ್ಟೋ ನೋಡೋದೈತಿ ಅಜ್ಜಿ” ಎಂದು ಸೋದರಮಾವನ ಮಕ್ಕಳು ತಗಾದೆ ಮಾಡಿದರು. “ಬಿಸ್ಲು ಇಳೀಲಿ ತಮ್ಮಾ, ಕಲ್ಲು ಎಲ್ಲಿಗನ್ನ ಓಡಿ ಹೋಗ್ತಾವೇನು?” ಎಂದವಳೇ ಮುಸುಕೆಳೆದು ಹೊರಟಳು, ನಾನು ಅವಳ ಜೊತೆ ಬಂದೆ. ಆ ಹುಡುಗರಿಬ್ಬರೂ ಮೂರು ಗಂಟೆಗೆ ಕಣ್ಣು ಕೆಂಪಗೆ ಮಾಡಿಕೊಂಡು, ತಲೆ ಹಿಡಿದುಕೊಂಡು ಬಂದು ಮಲಗಿದವರು ಸಂಜೆಗೆ ಏಳಲೇ ಇಲ್ಲ. ಅಜ್ಜಿಯು ಮಜ್ಜಿಗೆ ಕುಡಿದು, ಒಂದು ನಿದ್ದೆ ತೆಗೆದು, ನಾಲ್ಕರ ಹೊತ್ತಿಗೆ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ನಿಂತಿದ್ದಳು. ಆ ದಿನ ಹೆಚ್ಚು ಹಂಪೆಯನ್ನು ಕಂಡವರು ಯಾರು?

ಅಜ್ಜಿ ಭೂಗೋಳ ಓದಿದವಳಲ್ಲ. ಆದರೆ ಐವತ್ತು ವರ್ಷ ಕೂಲಿಗೆ ಹೋದವಳು. ಸಿರುಗುಪ್ಪದ ಗದ್ದೆಗಳಲ್ಲಿ ದುಡಿಯುವವರು ನಸುಕಿಗೇ ಇಳಿದು, ಬಿಸಿಲೇರಿದ ಮೇಲೆ ಮರದಡಿ ಬುತ್ತಿ ಬಿಚ್ಚುತ್ತಾರೆ. ಬ್ರೂಸ್‌ಪೇಟೆಯಲ್ಲಿ ಹಮಾಲಿ ಮಾಡುವ ನನ್ನ ತಂದೆಯೂ ಭಾರದ ಮೂಟೆಗಳನ್ನು ಬೆಳಗ್ಗೆಯೇ ಎತ್ತಿ ಮುಗಿಸಲು ನೋಡುತ್ತಾರೆ. ನಮ್ಮ ಎಷ್ಟೋ ದೇವಾಲಯಗಳಲ್ಲಿ ಮಧ್ಯಾಹ್ನದ ಪೂಜೆಯಾದ ಮೇಲೆ ಬಾಗಿಲು ಹಾಕಿ ಸಂಜೆಗೆ ತೆರೆಯುವ ಪದ್ಧತಿಯಿದೆ. ದೇವರಿಗೂ ಸಲ್ಲುವ ವಿಶ್ರಾಂತಿ ಭಕ್ತನಿಗೆ ಸಲ್ಲದೆ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪುಸ್ತಕದಲ್ಲಿ ಓದಿದ ಅಕ್ಷಾಂಶದ ಪಾಠವೂ ಅಜ್ಜಿಯ ಮಾತೂ ಒಂದನ್ನೇ ಹೇಳುತ್ತವೆಂದು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇದಕ್ಕೊಂದು ಆಕ್ಷೇಪಣೆಯುಂಟು, ಅದು ನ್ಯಾಯವಾದುದೇ. ದಿನಗೂಲಿಯವರಿಗೆ ಒಂದು ದಿನದ ಪ್ರವಾಸವೆಂದರೆ ಒಂದು ದಿನದ ಕೂಲಿ ಹೋದಂತೆ. ಬಸ್ಸಿನ ಖರ್ಚು ಬೇರೆ. ಮತ್ತೆ ಯಾವಾಗ ಬರುತ್ತೇವೋ, ಬಂದಾಗ ಎಲ್ಲವನ್ನೂ ನೋಡಿಬಿಡೋಣ ಎಂಬ ಆತುರ ಅವರದು. ಆದರೆ ಆತುರದಿಂದ ಹೆಚ್ಚು ನೋಡಿದಂತಾಗುವುದಿಲ್ಲ. ಬೆಳಗ್ಗೆ ಆರೂವರೆಯಿಂದ ಹನ್ನೊಂದೂವರೆಗೆ ಐದು ಗಂಟೆ, ಸಂಜೆ ನಾಲ್ಕರಿಂದ ಎರಡು ಗಂಟೆ: ಈ ಏಳು ಗಂಟೆಗಳಲ್ಲಿ ಕಣ್ಣೂ ಮನಸ್ಸೂ ಕೆಲಸ ಮಾಡುತ್ತವೆ. ನಡುವಿನ ಹೊತ್ತಿನಲ್ಲಿ ಕಾಲು ಮಾತ್ರ ನಡೆಯುತ್ತದೆ. ಅಲ್ಲದೆ, ಬಿಸಿಲಿಗೆ ಬಿದ್ದವರಿಗೆ ಮರುದಿನದ ಕೂಲಿಯೂ ತಪ್ಪುತ್ತದೆ. ಆಸ್ಪತ್ರೆಯ ಖರ್ಚು ಬಂದರಂತೂ ಹೇಳುವುದೇ ಬೇಡ.

ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು. ನೆರಳಿಲ್ಲದ ಬಯಲಿನ ಸ್ಮಾರಕಗಳಾದ ಮಹಾನವಮಿ ದಿಬ್ಬ, ಪುಷ್ಕರಣಿ, ಆನೆಲಾಯಗಳನ್ನು ಬೆಳಗ್ಗೆ ನೋಡಬೇಕು. ವಿಠ್ಠಲ ದೇವಾಲಯವನ್ನು ಸಂಜೆಗೆ ಇಟ್ಟುಕೊಂಡವರು ಟಿಕೆಟ್ ಕೊಡುವುದು ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಮೊದಲೇ ಕೇಳಿಕೊಳ್ಳಬೇಕು. ಕಮಲ ಮಹಲಿನ ಆವರಣಕ್ಕೆ ಕೊಂಡ ಟಿಕೆಟ್ ಅದೇ ದಿನ ವಿಠ್ಠಲ ದೇವಾಲಯಕ್ಕೂ ಸಲ್ಲುವುದರಿಂದ ಅದನ್ನು ಜೋಪಾನವಾಗಿ ಇಟ್ಟುಕೊಂಡರೆ ವಿರಾಮದಿಂದ ಹಣ ನಷ್ಟವಾಗುವುದಿಲ್ಲ. ವಾಹನ ನಿಲ್ಲುವ ಸ್ಥಳದಿಂದ ಆ ದೇವಾಲಯದವರೆಗೆ ಬ್ಯಾಟರಿ ಗಾಡಿಗಳಿವೆ, ವೃದ್ಧರು ನಡೆಯಬೇಕಾದುದಿಲ್ಲ. ಒಂದು ಲೀಟರು ಶುದ್ಧವಾದ ನೀರಿಗೆ ಸಮವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಒಯ್ದರೆ ಬೆವರಿನಲ್ಲಿ ಹೋದುದು ಸ್ವಲ್ಪಮಟ್ಟಿಗೆ ತುಂಬುತ್ತದೆ. ಯಾರಾದರೂ ತಲೆಸುತ್ತಿ ಬಿದ್ದರೆ ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಕೂಡಲೇ 108ಕ್ಕೆ ಕರೆ ಮಾಡಬೇಕು.

ಕಡೆಯದಾಗಿ ನನ್ನ ಸಹಪಾಠಿಗಳಲ್ಲೂ ಪೂಜ್ಯ ಅಧ್ಯಾಪಕರಲ್ಲೂ ಒಂದು ಬಿನ್ನಹ. ಕಾಲೇಜಿನ ಪ್ರವಾಸದ ವೇಳಾಪಟ್ಟಿಯಲ್ಲಿ ನೋಡುವ ಸ್ಥಳಗಳ ಹೆಸರುಗಳು ಸಾಲಾಗಿ ಇರುತ್ತವೆ. ಇನ್ನು ಮುಂದೆ ಆ ಸಾಲಿನ ನಡುವೆ “11.30ರಿಂದ 4ರವರೆಗೆ ವಿಶ್ರಾಂತಿ” ಎಂಬುದನ್ನೂ ಬರೆಯುವಂತಾಗಲಿ. ಈ ವರ್ಷ ಪದವಿ ಮುಗಿಸಿ ಹೊರಡುವ ನಾವು ನಮ್ಮ ತಂದೆತಾಯಿಗಳನ್ನು ಎಂದಾದರೊಂದು ದಿನ ಹಂಪೆಗೆ ಕರೆದುಕೊಂಡು ಹೋಗುತ್ತೇವಷ್ಟೆ. ಆಗ ಅವರ ಒಂದು ದಿನದ ಕೂಲಿಯನ್ನು ನಾವು ತುಂಬಿಕೊಟ್ಟು, ಮಧ್ಯಾಹ್ನ ನೆರಳಿನಲ್ಲಿ ಒಂದು ಚಾಪೆ ಹಾಸಿಕೊಟ್ಟರೆ, ಸಂಜೆ ಹೇಮಕೂಟದ ಬಂಡೆಯ ಮೇಲೆ ಕುಳಿತು ಅವರು ಸೂರ್ಯಾಸ್ತವನ್ನು ಸಾವಕಾಶವಾಗಿ ನೋಡಬಲ್ಲರು.