ಜಿಪ್ಸಿ ಅವನದು, ಬೆನ್ನು ನನ್ನದು!

ತೆರೆಯ ಮೇಲೆ ಜೀಪು ಹಾರಿದರೆ ಶಿಳ್ಳೆ ಹೊಡೀತೀವಿ. ಕೆಳಗೆ ಬಿದ್ದಾಗ ಸ್ಪ್ರಿಂಗಿನ ಗತಿ ಏನಾಯ್ತು ಅಂತ ಕೇಳೋರಿಲ್ಲ!

ನನಗದು ಗೊತ್ತಾಗಿದ್ದು ಬಿಸಿಲೆ ಘಾಟಿಯಲ್ಲಿ. ಗೆಳೆಯನ ಹಳೇ ಜಿಪ್ಸಿ, ನಾಲ್ಕೂ ಚಕ್ರಕ್ಕೆ ಕಮಾನುಪಟ್ಟಿ. ಹೆಚ್ಚು ಬಾಗಿದ ಪಟ್ಟಿ ಹಾಕಿಸಿ ಗಾಡಿಯನ್ನು 2 ಅಂಗುಲ ಎತ್ತಿಸಿದ್ದ. ಶಾಕ್ ಅಬ್ಸಾರ್ಬರ್ ಮಾತ್ರ ಹಳೇದೇ. ಗುಂಡಿಯಲ್ಲಿ ಚಕ್ರ ಜೋತುಬಿತ್ತು, ಗಿಡ್ಡ ಶಾಕು ಜಗ್ಗಿ ಕಿತ್ತೇ ಬಂತು. ಹಿಂದೆ ಕೂತಿದ್ದ ನಾನು ಒಂದು ವಾರ ಹಾಸಿಗೆ ಹಿಡಿದೆ.

ಗಾಡಿ ಹೊರುವುದು ಸ್ಪ್ರಿಂಗು. ಅದರ ಕುಣಿತ ತಡೆಯೋದು ಶಾಕು. ಕೊಳ್ಳುವ ಮುಂಚೆ ಚಕ್ರ ಪೂರ್ತಿ ಜೋತಾಗ, ಪೂರ್ತಿ ಒತ್ತಿದಾಗ ಎರಡೂ ಅಳತೆ ತಗೊಳ್ಳಿ. ಶಾಕು ಮೊದಲನೆಯದಕ್ಕಿಂತ ಉದ್ದ ಚಾಚಬೇಕು, ಎರಡನೆಯದಕ್ಕಿಂತ ಗಿಡ್ಡ ಆಗಬೇಕು. ಬ್ರೇಕ್ ಹೋಸ್ ಎಟುಕುತ್ತೋ ನೋಡಿ. ಹೊರೆ ಹೇರದ ಗಾಡಿಗೆ ಗಟ್ಟಿ ಪಟ್ಟಿ ಬೇಡ.

ಹೀರೋಗೆ ಡ್ಯೂಪ್ ಇರ್ತಾನೆ ಸ್ವಾಮಿ, ನಮ್ಮ ಬೆನ್ನಿಗಿಲ್ಲ!