ಹುರಿಯುವ ಘಟಕಕ್ಕೆ ಎರಡನೆಯ ಕಂಪ್ಯೂಟರ್ ಏಕೆ?



ನಮ್ಮ ಸಂಘದ ಕಾಫಿ ಹುರಿಯುವ ಘಟಕಕ್ಕೆ ಆಡಳಿತ ಮಂಡಳಿಯು ಎರಡನೆಯ ಸರ್ವರ್ ಕಂಪ್ಯೂಟರ್ ಕೊಂಡು ಜೋಡಿಸಿರುವ ಸುದ್ದಿ ತಮಗೆಲ್ಲ ತಲಪಿದೆ. ಸುದ್ದಿಗಿಂತ ಮುಂಚೆ ಅದರ ಟೀಕೆ ತಲಪಿದೆ ಎಂದರೂ ತಪ್ಪಾಗದು. "ಒಂದು ಕೆಲಸ ಮಾಡುವಾಗ ಇನ್ನೊಂದು ಪಕ್ಕದಲ್ಲಿ ಕೂತು ಕರೆಂಟು ತಿನ್ನುವುದಕ್ಕೆ ನಮ್ಮ ಶೇರು ಹಣವೇ ಸೆಕ್ರೆಟರಿಗಳೇ?" ಎಂದು ಹಿರಿಯ ಸದಸ್ಯರೊಬ್ಬರು ತೂಕದ ಮನೆಯ ಮುಂದೆಯೇ ನನ್ನನ್ನು ತಡೆದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಈ ಖರ್ಚಿಗೆ ಮಹಾಸಭೆಯ ಮಂಜೂರಾತಿ ಇನ್ನೂ ಆಗಬೇಕಾಗಿದೆ; ಕೈ ಎತ್ತುವ ಮುಂಚೆ ವಿಷಯ ತಿಳಿದುಕೊಳ್ಳುವ ಹಕ್ಕು ತಮಗಿದೆ.

ಮೊದಲು ಅಡಿಕೆ ಬೆಳೆಗಾರರಿಗೆ ಹೊಂದುವಂತೆ ಹೇಳುತ್ತೇನೆ, ಕಾಫಿಯವರಿಗೂ ಅದರಿಂದಲೇ ಅರ್ಥವಾದೀತು. ಹಸಿ ಅಡಿಕೆ ಸುಲಿದು, ಹಂಡೆಯಲ್ಲಿ ಚೊಗರು ಹಾಕಿ, ಬೇಯಿಸಿ ತೆಗೆದರೆ ಒಂದು ಒಬ್ಬೆ. ಹಂಡೆಗೆ ಹಾಕಿದ್ದು ಎಷ್ಟು, ಯಾರ ತೋಟದ್ದು, ಎಷ್ಟು ಹೊತ್ತಾಯಿತು, ಈ ಚೊಗರಿನಲ್ಲಿ ಇದು ಎಷ್ಟನೆಯ ಒಬ್ಬೆ ಎಂಬುದೆಲ್ಲ ಒಲೆಯ ಮುಂದೆ ಕೂತವನ ತಲೆಯಲ್ಲಿರುತ್ತದೆ. ನಡುವೆ ಅವನು ಜ್ವರ ಬಂದು ಮಲಗಿದನೆನ್ನಿ. ಬೆಂಕಿ ಉರಿಯುತ್ತಲೇ ಇದೆ, ಅಡಿಕೆ ಬೇಯುತ್ತಲೇ ಇದೆ. ಬದಲಿಗೆ ಬಂದವನು ಮುಚ್ಚಳ ತೆಗೆದರೆ ಅಡಿಕೆ ಕಂಡೀತೇ ಹೊರತು ಅದರ ಚರಿತ್ರೆ ಕಾಣದು. ಔಷಧಿ, ಬಣ್ಣ, ಹಾಲಿನ ಪದಾರ್ಥ, ಕಾಫಿ ಹೀಗೆ ಒಬ್ಬೆ ಒಬ್ಬೆಯಾಗಿ ಮಾಲು ತಯಾರಿಸುವ ಕಾರ್ಖಾನೆಗಳಲ್ಲಿ ಈ ಒಲೆ ಮುಂದಿನವನ ಕೆಲಸಕ್ಕೆ ಸಾಫ್ಟ್‌ವೇರ್ ಬಂದಿದೆ. ಅದನ್ನು ಬ್ಯಾಚ್ ಕಂಟ್ರೋಲ್ ಎನ್ನುತ್ತಾರೆ. ಬ್ಯಾಚ್ ಎಂದರೆ ನಮ್ಮ ಒಬ್ಬೆಯೇ.

ನಮ್ಮ ಘಟಕದಲ್ಲಿ ಈ ಯಂತ್ರಬುದ್ಧಿ ಎರಡು ಅಂತಸ್ತಿನದು. ಕೆಳಗಿನದು ಗೋಡೆಯ ಪ್ಯಾನೆಲ್ ಪೆಟ್ಟಿಗೆಯಲ್ಲಿರುವ ಪಿ.ಎಲ್.ಸಿ. ಡ್ರಮ್ಮಿನ ಶಾಖ ಓದುವುದು, ಗ್ಯಾಸಿನ ಉರಿ ಏರಿಸಿ ಇಳಿಸುವುದು, ಬಾಗಿಲು ತೆಗೆದು ಹಾಕುವುದು ಅದರ ಕೆಲಸ; ಸೆಕೆಂಡಿಗೆ ಹಲವು ಬಾರಿ ಇದನ್ನು ಬಿಡದೆ ಮಾಡುತ್ತಿರುತ್ತದೆ. ಮೇಲಿನದು ಸರ್ವರ್. ಯಾವ ರೆಸಿಪಿ, ಯಾವ ಸೈಲೋದ ಬೀಜ ಎಷ್ಟು ಕಿಲೋ, ಈಗ ಎಷ್ಟನೆಯ ಹಂತ, ಮುಂದೇನು ಎಂಬುದನ್ನು ನೆನಪಿಟ್ಟುಕೊಂಡು ಪಿ.ಎಲ್.ಸಿ.ಗೆ ಒಂದೊಂದೇ ಆಜ್ಞೆ ಕೊಡುತ್ತ, ಆದದ್ದನ್ನೆಲ್ಲ ಒಬ್ಬೆಯ ನಂಬರಿನ ಕೆಳಗೆ ಬರೆದಿಡುವುದು ಅದರ ಕೆಲಸ. ರೆಸಿಪಿ ಬೇರೆ, ಯಂತ್ರದ ಕೆಲಸ ಬೇರೆ ಎಂದು ಹೀಗೆ ವಿಂಗಡಿಸಿಡುವ ಕ್ರಮವನ್ನು ಅಮೆರಿಕದ ಐ.ಎಸ್.ಎ. ಸಂಸ್ಥೆಯು 1995ರಲ್ಲಿ ಪ್ರಕಟಿಸಿದ 88ನೆಯ ಮಾನಕ ಗೊತ್ತುಮಾಡಿತು. ಜಗತ್ತಿನ ಬಹುತೇಕ ಬ್ಯಾಚ್ ಸಾಫ್ಟ್‌ವೇರ್ ಇಂದಿಗೂ ಅದೇ ಕಟ್ಟಿನ ಮೇಲೆ ನಿಂತಿದೆ. ತೋಟದ ಭಾಷೆಯಲ್ಲಿ ಹೇಳುವುದಾದರೆ ಪಿ.ಎಲ್.ಸಿ. ಆಳು, ಸರ್ವರ್ ರೈಟರು.

ಇನ್ನು ನಡೆದ ಅನಾಹುತದ ವಿಚಾರ. ಕಳೆದ ದೀಪಾವಳಿಯ ಮುಂಚಿನ ವಾರ, ಆರ್ಡರುಗಳ ಒತ್ತಡದಲ್ಲಿ ಎರಡೂ ರೋಸ್ಟರುಗಳು ನಡೆಯುತ್ತಿದ್ದಾಗ, ಮಧ್ಯಾಹ್ನದ ಗುಡುಗು ಮಳೆಯಲ್ಲಿ ಕರೆಂಟು ಎರಡು ಮೂರು ಬಾರಿ ಹೋಗಿ ಬಂತು. ಜನರೇಟರ್ ಹತ್ತಿತು, ಯಂತ್ರಗಳು ನಿಲ್ಲಲಿಲ್ಲ. ಆದರೆ ಇದ್ದ ಒಂದೇ ಸರ್ವರಿನ ಡಿಸ್ಕ್ ಕೆಟ್ಟು ಪರದೆ ಕಪ್ಪಾಯಿತು. ಆಗ ಒಂದನೆಯ ಡ್ರಮ್ಮಿನಲ್ಲಿದ್ದ ಬೀಜ ಚಿಟಿಚಿಟಿ ಎನ್ನಲು ಶುರುವಾಗಿತ್ತು. ಇನ್ನೂರು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಆ ಘಟ್ಟ ದಾಟಿದ ಮೇಲೆ ಬೀಜ ತಾನೇ ಶಾಖ ಬಿಡುತ್ತದೆಂಬುದು ಹುರಿದವರಿಗೆ ಗೊತ್ತು. ಉರಿ ಆರಿಸಿದರೂ ಸಾಲದು, ಕೂಡಲೇ ತಣಿಸುವ ತಟ್ಟೆಗೆ ಇಳಿಸಬೇಕು.

ಪಿ.ಎಲ್.ಸಿ. ಏನು ಮಾಡಿತು? ಕಾಯುತ್ತ ಕೂತಿತು. ಬೀಜ ಇಳಿಸು ಎಂಬ ಆಜ್ಞೆ ಮೇಲಿನಿಂದ ಬರಬೇಕಿತ್ತು, ಬರಲಿಲ್ಲ. ಅದು ಕೊನೆಯ ಆಜ್ಞೆಯಂತೆ ಶಾಖ ಹಿಡಿದಿಟ್ಟುಕೊಂಡೇ ಇತ್ತು. ಹೊಗೆ ಕಂಡ ನಮ್ಮ ಹಳೆಯ ಆಪರೇಟರು ಓಡಿಹೋಗಿ ಗ್ಯಾಸ್ ಕಟ್ಟಿ, ಕೈ ಹಿಡಿಯಿಂದ ಬಾಗಿಲು ಎಳೆದು ಬೀಜ ಕೆಡವಿ ನೀರು ಹೊಡೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಹೊಟ್ಟಿಗೆ ಬೆಂಕಿ ಹತ್ತಿ ಕಟ್ಟಡವೇ ಹೋಗುತ್ತಿತ್ತೇನೋ. ಆ ಮನುಷ್ಯನಿಗೆ ಮಂಡಳಿ ಕೊಟ್ಟ ಬಹುಮಾನ ಸಾಲದೆಂದೇ ನನ್ನ ಅಭಿಪ್ರಾಯ.

ಇದು ಕಣ್ಣಿಗೆ ಕಂಡ ನಷ್ಟ. ಕಾಣದ ನಷ್ಟ ಮರುದಿನ ಗೊತ್ತಾಯಿತು. ಆ ದಿನದ ದಾಖಲೆ ಡಿಸ್ಕಿನ ಜೊತೆಗೇ ಹೋಗಿತ್ತು. ಸೈಲೋಗಳಲ್ಲಿ ಹುರಿದ ಬೀಜವಿದೆ, ಯಾವುದು ಯಾವ ಒಬ್ಬೆಯದೆಂದು ಹೇಳುವವರಿಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ತೂಕದಲ್ಲಿ ಶೇ. 51ಕ್ಕೆ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂದು ಕಾನೂನಿದೆ. ಮಾಲಿನಲ್ಲಿ ದೋಷ ಕಂಡರೆ ಪೇಟೆಯಿಂದ ಹಿಂದಕ್ಕೆ ತರಿಸುವ ಬಗ್ಗೆ 2017ರ ನಿಯಮಾವಳಿಯೂ ಇದೆ. ಒಬ್ಬೆಯ ದಾಖಲೆ ಇಲ್ಲದೆ ಇವೆರಡಕ್ಕೂ ನಾವು ಉತ್ತರ ಕೊಡಲಾರೆವು. ಎಲ್ಲಕ್ಕಿಂತ ನೋವಿನ ಸಂಗತಿ, ಸಣ್ಣ ಹಿಡುವಳಿಯ ಸದಸ್ಯರೊಬ್ಬರು ಪ್ರತ್ಯೇಕವಾಗಿ ಸಂಸ್ಕರಿಸಿ, ತಮ್ಮ ತೋಟದ ಹೆಸರಿನಲ್ಲೇ ಪೊಟ್ಟಣವಾಗಲೆಂದು ತಂದುಕೊಟ್ಟಿದ್ದ ಆರು ಮೂಟೆ ಅರೇಬಿಕ ಆ ಗೊಂದಲದಲ್ಲಿ ಸಾಮಾನ್ಯ ಮಾಲಿನೊಡನೆ ಸೇರಿಹೋಯಿತು. ದರದ ವ್ಯತ್ಯಾಸವನ್ನು ಸಂಘ ಕೊಟ್ಟಿದೆ. ಅವರ ತೋಟದ ಹೆಸರಿನ ಪೊಟ್ಟಣ ಮಾತ್ರ ಆ ವರ್ಷ ಹೊರಬರಲಿಲ್ಲ. ಹಣ ತೆಗೆದುಕೊಳ್ಳುವಾಗ ಅವರು ಏನೂ ಮಾತಾಡಲಿಲ್ಲ.

ತಪ್ಪು ಯಾರದು? ಯಂತ್ರ ಕೂರಿಸಿದವರದು ಎನ್ನಬಹುದು. ಆದರೆ ಕೆಲಸ ಒಪ್ಪಿಕೊಂಡೆವೆಂದು ಕಾಗದಕ್ಕೆ ರುಜು ಹಾಕಿದವನು ನಾನು. "ನಡುವೆ ಕಂಪ್ಯೂಟರ್ ನಿಂತರೆ ಏನಾಗುತ್ತದೆ ತೋರಿಸಿ" ಎಂದು ಆ ದಿನ ನಾನು ಕೇಳಲಿಲ್ಲ.

ಆಮೇಲೆ ಕೇಳಿದೆ. ನಮಗೆ ಸಲಹೆ ಕೊಟ್ಟ ಎಂಜಿನಿಯರು ಹೇಳಿದ ಮೊದಲ ಮಾತು ನನಗೆ ಹಿಡಿಸಿತು. ಎರಡನೆಯ ಸರ್ವರ್ ಬೀಜವನ್ನು ಕಾಯುವುದಿಲ್ಲ, ಬೀಜದ ಲೆಕ್ಕವನ್ನು ಕಾಯುತ್ತದೆ. ಬೀಜ ಕಾಯಬೇಕಾದ್ದು ಪಿ.ಎಲ್.ಸಿ. ಹಾಗಾಗಿ ಮೊದಲು ಅದನ್ನೇ ಸರಿಪಡಿಸಿದೆವು. ಸರ್ವರಿನ ಸಂಪರ್ಕ ತಪ್ಪಿದೆ ಎಂದು ತಿಳಿದರೆ ಈಗ ಅದು ಕೈಯಲ್ಲಿರುವ ಹಂತವನ್ನು ತಾನೇ ಮುಗಿಸುತ್ತದೆ. ಹೊತ್ತು ಅಥವಾ ಶಾಖ ಮಿತಿ ಮುಟ್ಟಿತೋ, ಉರಿ ಆರಿಸಿ, ಡ್ರಮ್ ತಿರುಗಿಸುತ್ತಲೇ ಇದ್ದು, ಬೀಜವನ್ನು ತಣಿಸುವ ತಟ್ಟೆಗೆ ಇಳಿಸುತ್ತದೆ. ತೂಕದ ಹಂತದಲ್ಲಾದರೆ ಮಾತ್ರ ಸುಮ್ಮನೆ ನಿಲ್ಲುತ್ತದೆ, ತಕ್ಕಡಿಯ ಮೇಲಿನ ಬೀಜ ಎಲ್ಲಿಗೂ ಓಡಿಹೋಗದಷ್ಟೆ. ಯಾವ ಹಂತದಲ್ಲಿ ನಿಂತರೆ ಕ್ಷೇಮ, ಯಾವುದರಲ್ಲಿ ನಿಂತರೆ ಅಪಾಯ ಎಂಬ ಪಟ್ಟಿಯನ್ನು ಎಂಜಿನಿಯರಲ್ಲ, ನಮ್ಮ ಆಪರೇಟರೇ ಕೂತು ಬರೆಸಿದರು. ಈ ತಿದ್ದುಪಡಿಗೆ ಹೊಸ ಯಂತ್ರವೇನೂ ಬೇಕಾಗಲಿಲ್ಲ.

ಆಮೇಲಿನದು ಎರಡನೆಯ ಸರ್ವರ್. ಬದಲಿ ಯಂತ್ರದಲ್ಲಿ ಎರಡು ವಿಧ. ಪೆಟ್ಟಿಗೆಯಲ್ಲಿಟ್ಟು, ಕೆಟ್ಟಾಗ ತೆಗೆದು ಜೋಡಿಸುವುದು ಒಂದು. ಮೊದಲನೆಯದರ ಜೊತೆಗೇ ಸದಾ ಎಚ್ಚರವಿದ್ದು, ಅದು ಬರೆದ ಪ್ರತಿಯೊಂದು ಸಾಲನ್ನೂ ಆಗಿಂದಾಗ್ಗೆ ತಾನೂ ಬರೆದುಕೊಳ್ಳುವುದು ಇನ್ನೊಂದು. ಅರ್ಧಕ್ಕೆ ನಿಂತ ಒಬ್ಬೆಯ ನೆನಪು ಉಳಿಯಬೇಕಾದರೆ ಎರಡನೆಯದೇ ಆಗಬೇಕು. ರಾತ್ರಿ ಕಾವಲಿನವನು ಗಂಟೆ ಗಂಟೆಗೂ ಕಂಬಿ ಬಡಿಯುವಂತೆ ಮೊದಲನೆಯ ಸರ್ವರ್ ಎರಡನೆಯದಕ್ಕೆ ಕ್ಷಣಕ್ಷಣಕ್ಕೂ "ಇದ್ದೇನೆ" ಎಂಬ ಸಂಕೇತ ಕಳಿಸುತ್ತಿರುತ್ತದೆ. ಗೊತ್ತುಮಾಡಿದಷ್ಟು ಸೆಕೆಂಡು ಸದ್ದಿಲ್ಲದಿದ್ದರೆ ಎರಡನೆಯದು ಅಧಿಕಾರ ವಹಿಸಿಕೊಳ್ಳುತ್ತದೆ. ನಮ್ಮಲ್ಲಿ ಹಾಗೆ ವಹಿಸಿಕೊಂಡ ಕೂಡಲೇ ನಡೆಯುತ್ತಿದ್ದ ಒಬ್ಬೆಗಳನ್ನು "ತಡೆಹಿಡಿದಿದೆ" ಎಂದು ತೋರಿಸುವಂತೆ ಇಟ್ಟಿದ್ದೇವೆ. ಆಪರೇಟರು ಡ್ರಮ್ ನೋಡಿ, ಪರದೆ ನೋಡಿ, ಎರಡೂ ತಾಳೆಯಾದರೆ ಗುಂಡಿ ಒತ್ತಿ ಮುಂದುವರಿಸಬೇಕು. ಇದನ್ನೂ ಯಂತ್ರಕ್ಕೇ ಬಿಡಿ ಎಂದು ಕೆಲವರು ಹೇಳಿದರು, ನಾನು ಒಪ್ಪಲಿಲ್ಲ.

ಕಂಬಿಯ ಸದ್ದು ಕೇಳಿಸದಿರುವುದಕ್ಕೆ ಕಾವಲಿನವನು ಸತ್ತಿರಲೇಬೇಕೆಂದಿಲ್ಲ. ನಡುವೆ ಗಾಳಿ ಬೀಸಿರಬಹುದು. ಎರಡು ಸರ್ವರುಗಳ ನಡುವಿನ ತಂತಿ ಮಾತ್ರ ಕಡಿದರೆ ಮೊದಲನೆಯದು ತಾನೇ ಯಜಮಾನನೆಂದು ಮುಂದುವರಿಯುತ್ತದೆ, ಎರಡನೆಯದು ಮೊದಲನೆಯದು ಹೋಯಿತೆಂದು ತಾನೂ ಯಜಮಾನನಾಗುತ್ತದೆ. ಒಂದೇ ಗುಂಪಿನ ಆಳುಗಳಿಗೆ ಇಬ್ಬರು ಮೇಸ್ತ್ರಿಗಳು ಕೂಗಿದ ಹಾಗೆ. ಒಂದೂ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು. ಆದ್ದರಿಂದ ಬೇರೆ ಬೇರೆ ದಾರಿಯಲ್ಲಿ ಎರಡು ತಂತಿ ಎಳೆದಿದ್ದೇವೆ. ಪಿ.ಎಲ್.ಸಿ. ಕೂಡ ಒಂದು ಹೊತ್ತಿನಲ್ಲಿ ಒಬ್ಬನ ಮಾತನ್ನಷ್ಟೇ ಕೇಳುವಂತೆ ಕಟ್ಟು ಹಾಕಿದ್ದೇವೆ.

ಎರಡನೆಯದನ್ನು ಮೊದಲನೆಯದರ ಪಕ್ಕದಲ್ಲೇ ಇಟ್ಟಿಲ್ಲ, ತೂಕದ ಮನೆಯ ಹಿಂದಿನ ಕೋಣೆಯಲ್ಲಿಟ್ಟಿದ್ದೇವೆ. ಮಲೆನಾಡಿನ ಸಿಡಿಲಿನ ವಿಷಯ ತಮಗೆ ಹೇಳಬೇಕಾಗಿಲ್ಲ. ಒಂದೇ ಕಪಾಟು, ಒಂದೇ ಯು.ಪಿ.ಎಸ್., ಒಂದೇ ನೆಟ್‌ವರ್ಕ್ ಸ್ವಿಚ್ ಎಂದಾದರೆ ಎರಡು ಕಂಪ್ಯೂಟರಿದ್ದೂ ಒಂದೇ ಇದ್ದಂತೆ. ಕಟ್ಟಡಗಳ ನಡುವೆ ತಾಮ್ರದ ಬದಲು ಗಾಜಿನ ಎಳೆಯ ಫೈಬರ್ ಕೇಬಲ್ ಹಾಕಿಸಿದ್ದೇವೆ, ಸಿಡಿಲಿನ ವಿದ್ಯುತ್ತು ಗಾಜಿನಲ್ಲಿ ಹರಿದು ಬರುವುದಿಲ್ಲ. ಎರಡರ ಗಡಿಯಾರವೂ ಒಂದೇ ಕಡೆಯಿಂದ ವೇಳೆ ತೆಗೆದುಕೊಳ್ಳುತ್ತವೆ. ಇಲ್ಲವಾದರೆ ದಾಖಲೆಯಲ್ಲಿ ಹುರಿಯುವುದಕ್ಕೆ ಮುಂಚೆಯೇ ತಣಿಸಿದಂತೆ ಬಂದೀತು.

ಇಷ್ಟೆಲ್ಲ ಮಾಡಿ, ಬಿ.ಬಿ.ಬಿ. ಬೀಜ ಹಾಕಿ, ಹುರಿಯುತ್ತಿರುವಾಗಲೇ ಮೊದಲನೆಯ ಸರ್ವರಿನ ಪ್ಲಗ್ ಎಳೆಸಿದೆ. ಎಂಜಿನಿಯರಿಗೆ ಇಷ್ಟವಿರಲಿಲ್ಲ. ಆದದ್ದೇನು? ಎರಡನೆಯದು ಅಧಿಕಾರ ವಹಿಸಿಕೊಂಡಿತು, ಸರಿ. ಆಪರೇಟರ ಪರದೆ ಮಾತ್ರ ಸತ್ತ ಸರ್ವರನ್ನೇ ಹುಡುಕುತ್ತ ಬೆಪ್ಪಾಗಿ ನಿಂತಿತು. ಪರದೆಗೆ ಎರಡನೆಯದರ ಹೆಸರು ಹೇಳಿಕೊಡಲು ಮರೆತಿದ್ದರು! ಪಿ.ಎಲ್.ಸಿ. ತನ್ನ ಪಾಡಿಗೆ ಬೀಜ ಇಳಿಸಿತು, ಅದೊಂದು ಸಮಾಧಾನ. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಕ್ಕೆ ಸ್ಪ್ರಿಂಕ್ಲರ್ ಹಾಕಲು ಹೋದಾಗ, ಶೆಡ್ಡಿನಲ್ಲಿ ಎರಡು ವರ್ಷ ಕೂತಿದ್ದ ನನ್ನ ಬದಲಿ ಡೀಸೆಲ್ ಎಂಜಿನ್ ಹತ್ತದೆ ಹೋದದ್ದು ಆಗ ನೆನಪಾಯಿತು. ಎರಡನೆಯ ಪರೀಕ್ಷೆ, ಮೂರನೆಯದು ಸರಿಹೋದವು.

ಎರಡಿದ್ದರೆ ಭಯವಿಲ್ಲವೇ ಎಂದರೆ ಹಾಗೂ ಹೇಳಲಾರೆ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲನೆಯ ಹಾರಾಟ ಸುಮಾರು ನಲವತ್ತು ಸೆಕೆಂಡಿನಲ್ಲಿ ಮುಗಿಯಿತು. ದಿಕ್ಕು ಹೇಳುವ ಯಂತ್ರ ಅದರಲ್ಲೂ ಎರಡಿದ್ದವು. ಎರಡಕ್ಕೂ ಒಂದೇ ಸಾಫ್ಟ್‌ವೇರ್, ಅದರಲ್ಲಿ ಒಂದೇ ದೋಷ. ಬದಲಿಯದು ಮೊದಲು ನಿಂತಿತು, ಕ್ಷಣಾರ್ಧದಲ್ಲಿ ಅಸಲಿಯೂ ನಿಂತಿತು. ನಮ್ಮಲ್ಲೂ ಯಾರಾದರೂ ರೆಸಿಪಿಯಲ್ಲಿ ತಪ್ಪು ಅಂಕಿ ಹಾಕಿದರೆ ಆ ತಪ್ಪು ಎರಡನೆಯ ಸರ್ವರಿಗೂ ಆ ಕ್ಷಣವೇ ಹೋಗುತ್ತದೆ; ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಇದಕ್ಕಾಗಿ ಪ್ರತಿ ರಾತ್ರಿ ಪ್ರತ್ಯೇಕ ಡಿಸ್ಕಿಗೆ ನಕಲು ತೆಗೆಯಿಸಿ, ವಾರಕ್ಕೊಂದನ್ನು ಸಂಘದ ಕಬ್ಬಿಣದ ಬೀರುವಿನಲ್ಲಿಡುತ್ತಿದ್ದೇವೆ. ತಿಂಗಳಿಗೊಮ್ಮೆ ಒಂದನ್ನು ತೆಗೆದು ಓದಿ ನೋಡುತ್ತೇವೆ.

ದಿನದ ಬಳಕೆಯಲ್ಲಿ ಕಂಡ ಒಂದು ಲಾಭವನ್ನೂ ಹೇಳಬೇಕು. ಸಾಫ್ಟ್‌ವೇರಿನ ತಿದ್ದುಪಡಿ ಹಾಕಲು ಮುಂಚೆ ಘಟಕ ನಿಲ್ಲಿಸುತ್ತಿದ್ದೆವು, ಅಥವಾ ತಿದ್ದುಪಡಿಯನ್ನೇ ಮುಂದೂಡುತ್ತಿದ್ದೆವು. ಈಗ ಒಂದು ಒಬ್ಬೆ ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಕೆಲಸವನ್ನು ಎರಡನೆಯದಕ್ಕೆ ವಹಿಸಿ, ಮೊದಲನೆಯದನ್ನು ಸರಿಪಡಿಸಿಕೊಳ್ಳುತ್ತೇವೆ. ಎರಡನ್ನೂ ಒಂದೇ ದಿನ ಮುಟ್ಟುವುದಿಲ್ಲ.

ಮನೆಯಲ್ಲೇ ಡ್ರೈಯರ್ ಅಥವಾ ಸಣ್ಣ ರೋಸ್ಟರ್ ಇಟ್ಟುಕೊಂಡ ಸದಸ್ಯರಿಗೆ ಒಂದು ಮಾತು. ತಮಗೂ ಜೋಡಿ ಸರ್ವರ್ ಬೇಕೆಂದು ಯಾರಾದರೂ ಮಾರಲು ಬಂದರೆ ಬಾಗಿಲಲ್ಲೇ ಚಹಾ ಕೊಟ್ಟು ಕಳಿಸಿರಿ. ಒಂದು ಡ್ರಮ್ಮಿಗೆ ಒಂದು ಪುಸ್ತಕ, ಒಂದು ಪೆನ್ಸಿಲು, ಶಾಖ ಮೀರಿದರೆ ಉರಿ ಆರಿಸುವ ಒಂದು ಸ್ವಿಚ್ಚು ಸಾಕು. ಹಲವರ ಮಾಲು ಒಂದೇ ಸೂರಿನಡಿ ಸೇರುವಲ್ಲಿ, ಯಾರದು ಯಾವುದೆಂದು ಬೇರೆ ಬೇರೆ ಹೇಳಬೇಕಾದಲ್ಲಿ ಮಾತ್ರ ಈ ಖರ್ಚಿಗೆ ಅರ್ಥ.

ಖರ್ಚಿನ ವಿವರವನ್ನು ಮಹಾಸಭೆಯ ತಿಳಿವಳಿಕೆ ಪತ್ರದ ಜೊತೆ ಕಳಿಸುತ್ತಿದ್ದೇವೆ. ಮುಂದಿನ ಪರೀಕ್ಷೆಯನ್ನು ಸಭೆಯ ದಿನ ಬೆಳಿಗ್ಗೆ, ತಮ್ಮೆಲ್ಲರ ಎದುರಿಗೇ ಇಟ್ಟುಕೊಂಡಿದ್ದೇವೆ. ಪ್ಲಗ್ ಎಳೆಯುವ ಕೆಲಸವನ್ನು ತೂಕದ ಮನೆಯ ಮುಂದೆ ನನ್ನನ್ನು ತಡೆದ ಹಿರಿಯರೇ ವಹಿಸಿಕೊಂಡಿದ್ದಾರೆ. ಯಾವ ಹೊತ್ತಿಗೆ ಎಳೆಯುತ್ತಾರೆಂದು ಅವರು ನನಗೂ ಹೇಳಿಲ್ಲ, ಆಪರೇಟರಿಗೂ ಹೇಳಿಲ್ಲ.