ಹಳೆಯ ಗಣಕ, ಹೊಸ ವ್ಯವಸ್ಥೆ

ಕೆರೆಯ ನೀರನ್ನು ನಂಬಿ ಬೇಸಾಯ ಮಾಡುವ ನಮ್ಮ ಊರುಗಳಲ್ಲಿ ಹಿಂದೆ ನೀರುಗಂಟಿಯೆಂಬವನೊಬ್ಬನಿರುತ್ತಿದ್ದನು. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕೆಂದು ನೋಡಿಕೊಳ್ಳುವವನೂ ಅವನೇ. ನೀರು ಸರಿಯಾಗಿ ಹರಿಯುವಷ್ಟು ದಿನ ಅವನನ್ನು ಯಾರೂ ಗಮನಿಸುತ್ತಿರಲಿಲ್ಲ. ನೀರು ತಪ್ಪಿದ ದಿನ ಮಾತ್ರ ಊರಿಗೆಲ್ಲ ಅವನ ನೆನಪಾಗುತ್ತಿತ್ತು. ಗಣಕಯಂತ್ರದಲ್ಲಿ ಈ ಕೆಲಸವನ್ನು ಮಾಡುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಯಂತ್ರದ ಶಕ್ತಿಯನ್ನೂ ನೆನಪಿನ ಕೋಶಗಳನ್ನೂ ಬೇರೆ ಬೇರೆ ತಂತ್ರಾಂಶಗಳಿಗೆ ಹಂಚಿಕೊಡುವುದು, ಕಡತಗಳನ್ನು ಕಾಪಾಡುವುದು, ಕೀಲಿಮಣೆ ಮುದ್ರಕಗಳೊಡನೆ ವ್ಯವಹರಿಸುವುದು ಇವೆಲ್ಲ ಅದರ ಹೊಣೆ. ವಿಂಡೋಸ್, ಲಿನಕ್ಸ್ ಮೊದಲಾದವು ಇಂತಹ ವ್ಯವಸ್ಥೆಗಳು.

ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅಷ್ಟಕ್ಕೇ ಗಣಕವೇನೂ ಕೆಟ್ಟುಹೋಗುವುದಿಲ್ಲ. ಆದರೆ ಹೊಸದಾಗಿ ಕಂಡುಬರುವ ರಕ್ಷಣಾದೋಷಗಳಿಗೆ ತೇಪೆ ಹಾಕುವವರಿಲ್ಲದೆ, ಅಂತರಜಾಲಕ್ಕೆ ಸೇರಿದ ಯಂತ್ರವು ದಿನಗಳೆದಂತೆ ಅಪಾಯಕ್ಕೆ ಈಡಾಗುತ್ತದೆ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಏರೋಣವೆಂದರೆ, ಅದು ಟಿಪಿಎಂ 2.0 ಎಂಬ ರಕ್ಷಣಾಘಟಕವನ್ನೂ, ಬಹುಮಟ್ಟಿಗೆ 2017ರ ಕೊನೆಯಿಂದೀಚೆಗೆ ಬಂದ ಸಂಸ್ಕಾರಕವನ್ನೂ ಕೇಳುತ್ತದೆ. ಹೀಗಾಗಿ 2016ರಲ್ಲಿ ಕೊಂಡ, ಇಂದಿಗೂ ಗಟ್ಟಿಮುಟ್ಟಾಗಿರುವ ಯಂತ್ರವು ಹೊಸ್ತಿಲಲ್ಲಿಯೇ ನಿಲ್ಲಬೇಕಾಗುತ್ತದೆ. ಒಳಗೆ ಪ್ರವೇಶ ದೊರೆತವುಗಳ ಪಾಡೂ ಒಮ್ಮೊಮ್ಮೆ ಸುಖಕರವಲ್ಲ. ಸ್ಥಳ ಸಾಲದೆ ಅನುಸ್ಥಾಪನೆ ಅರ್ಧಕ್ಕೆ ನಿಲ್ಲಬಹುದು. ನಿನ್ನೆ ಓಡುತ್ತಿದ್ದ ಮುದ್ರಕ ಇಂದು ಮೌನವಾಗಬಹುದು. ಮೂಗಿಗಿಂತ ಮೂಗುತಿ ಭಾರವಾದ ಇಂತಹ ಗಳಿಗೆಯಲ್ಲಿಯೇ, “ಇದರ ಸಹವಾಸವೇ ಬೇಡ, ಲಿನಕ್ಸಿಗೆ ಹೋಗಿಬಿಡೋಣ” ಎಂಬ ಮಾತು ಹುಟ್ಟುವುದು.

ಲಿನಕ್ಸ್ ಉಪೇಕ್ಷಿಸತಕ್ಕ ವ್ಯವಸ್ಥೆಯಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದರ ತಿರುಳನ್ನು ರಚಿಸಿದನು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದರ ಕೆಲವು ಹಗುರವಾದ ರೂಪಗಳು ಹಳೆಯ ಯಂತ್ರಗಳಲ್ಲಿಯೂ ಸಲೀಸಾಗಿ ಓಡುತ್ತವೆ. ಆದರೆ ದೋಷವು ನಿಜವಾಗಿಯೂ ವ್ಯವಸ್ಥೆಯಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಸವೆದು ಯಂತ್ರ ನಿಧಾನವಾಗಿದ್ದರೆ, ವ್ಯವಸ್ಥೆಯನ್ನು ಬದಲಿಸುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತೆ. ಲಿನಕ್ಸಿನ ಹಲವು ರೂಪಗಳನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡುವ ಅನುಕೂಲವಿದೆ. ಒಳಗಿರುವ ಯಾವುದನ್ನೂ ಅಳಿಸದೆ, ಮುದ್ರಕ, ಧ್ವನಿ, ಅಂತರಜಾಲ ಇವು ಕೆಲಸ ಮಾಡುವುವೇ ಎಂದು ಒಂದೆರಡು ದಿನ ಪರೀಕ್ಷಿಸಬಹುದು. ಇಷ್ಟು ಸುಲಭವಾದ ಪರೀಕ್ಷೆಯನ್ನು ಬಿಟ್ಟು ಕೋಪದ ಭರದಲ್ಲಿ ಹೊರಡುವವರೇ ಹೆಚ್ಚು.

ಜರ್ಮನಿಯ ಮ್ಯೂನಿಕ್ ನಗರದ ಆಡಳಿತವು ಒಮ್ಮೆ ಇದೇ ಕವಲುದಾರಿಯಲ್ಲಿ ನಿಂತಿತ್ತು. ವಿಂಡೋಸ್ ಎನ್‌ಟಿ 4ಕ್ಕೆ ಬೆಂಬಲ ಮುಗಿಯುವ ಕಾಲ ಸಮೀಪಿಸಿದಾಗ, 2003ರಲ್ಲಿ ನಗರಸಭೆಯು ಲಿನಕ್ಸಿಗೆ ಹೋಗಲು ನಿರ್ಧರಿಸಿತು. ಸುಮಾರು 15,000 ಗಣಕಗಳನ್ನು ಬದಲಿಸುವ ಕೆಲಸ ಮುಗಿಯುವಾಗ 2013 ಬಂದಿತ್ತು. 2017ರಲ್ಲಿ ಅದೇ ನಗರಸಭೆ ಪುನಃ ವಿಂಡೋಸಿಗೆ ಮರಳಲು ತೀರ್ಮಾನಿಸಿತು! ಹೊರಗಿನ ಕಚೇರಿಗಳೊಡನೆ ಕಡತಗಳನ್ನು ವಿನಿಮಯ ಮಾಡಿಕೊಳ್ಳುವಾಗ ತೊಡಕಾಗುತ್ತದೆಂದು ಸಿಬ್ಬಂದಿಯಲ್ಲಿ ಹಲವರು ದೂರುತ್ತಿದ್ದರು. ತಪ್ಪು ಲಿನಕ್ಸಿನದಲ್ಲ, ಅದನ್ನು ನಿರ್ವಹಿಸಿದ ಬಗೆಯದೆಂದು ಮತ್ತೆ ಕೆಲವರು ವಾದಿಸಿದರು. ಇತ್ತ ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳು ಈ ಶತಮಾನದ ಮೊದಲ ದಶಕದಲ್ಲಿ ಲಿನಕ್ಸಿಗೆ ಹೋದವು, ಅಲ್ಲಿಯೇ ನೆಲೆನಿಂತವು. ಅಲ್ಲಿ ಯಂತ್ರಗಳ ಜೊತೆಗೆ ಅಧ್ಯಾಪಕರನ್ನೂ ದೊಡ್ಡ ಪ್ರಮಾಣದಲ್ಲಿ ತರಬೇತುಗೊಳಿಸಿದ್ದರೆಂಬುದನ್ನು ಗಮನಿಸಬೇಕು. ಕೆಟ್ಟಾಗ ಕೇಳಲು ಪಕ್ಕದಲ್ಲಿ ಒಬ್ಬರಿರುವುದಕ್ಕೆ ಸಮನಾದ ಅನುಕೂಲ ಬೇರೊಂದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಅದೇ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಆರಂಭದ ಆವೃತ್ತಿಗಳಲ್ಲಿ ಬೆರಳಚ್ಚು ಮಾಡಿದ ಕಡತಗಳೊಳಗೆ ವಾಸ್ತವವಾಗಿ ಕನ್ನಡದ ಅಕ್ಷರಗಳಿರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳಿರುತ್ತವೆ; ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ವೇಷ ಕಳಚಿ, ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಹಾಗಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ಅಲ್ಲಿ ‘ಕ’ ಎಂಬುದರ ಸಂಖ್ಯೆ 3221, ವ್ಯವಸ್ಥೆ ಯಾವುದೇ ಇರಲಿ.

ಆದುದರಿಂದ ಅಜ್ಜ ಬರೆದಿಟ್ಟ ವಂಶಾವಳಿಯೋ ಊರ ದೇವಸ್ಥಾನದ ಲೆಕ್ಕವೋ ಹಳೆಯ ಸಂಕೇತದಲ್ಲಿದ್ದರೆ, ಹೊರಡುವ ಮುನ್ನ ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಹಳೆಯ ಫಾಂಟನ್ನು ಲಿನಕ್ಸಿನಲ್ಲಿಯೂ ಸೇರಿಸಿ ಓದಬಹುದಾದರೂ, ಅಂತಹ ಕಡತದಲ್ಲಿ ಒಂದು ಹೆಸರನ್ನು ಹುಡುಕುವುದಾಗಲಿ ತಿದ್ದುವುದಾಗಲಿ ಕಷ್ಟ. ಹೊಸದಾಗಿ ಬರೆಯಲು ಅಡ್ಡಿಯಿಲ್ಲ. ನುಡಿಯಲ್ಲಿ ಬಳಸಿ ಕೈಗೆ ರೂಢಿಯಾದ ಕಗಪ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಪರಿವರ್ತಿಸುವ ತಂತ್ರಾಂಶಗಳಿವೆ; ಆದರೆ ಅವುಗಳನ್ನೇ ನಂಬಿ ಮೂಲವನ್ನು ಅಳಿಸಬಾರದು. ‘ಧರ್ಮ’, ‘ಸೂರ್ಯ’ ಎಂಬಂತಹ ಪದಗಳಲ್ಲಿ ಅರ್ಕಾವತ್ತು ಹಳೆಯ ಕಡತದಲ್ಲಿ ಅಕ್ಷರದ ಅನಂತರವಿರುತ್ತದೆ, ಯೂನಿಕೋಡಿನಲ್ಲಿ ರಕಾರವಾಗಿ ಮೊದಲು ಬರುತ್ತದೆ. ಪಲ್ಲಟವಾಗುವುದು ಹೆಚ್ಚಾಗಿ ಇಂತಹ ಎಡೆಗಳಲ್ಲಿಯೇ. ಒಬ್ಬರು ಹಳೆಯ ಪ್ರತಿಯನ್ನು ಗಟ್ಟಿಯಾಗಿ ಓದುತ್ತ, ಮತ್ತೊಬ್ಬರು ಹೊಸದರ ಮೇಲೆ ಕಣ್ಣಿಟ್ಟು ಕುಳಿತರೆ, ನೂರು ಪುಟದ ಕಡತವೂ ಬೇಸಗೆಯ ರಜೆಯಲ್ಲಿ ಮುಗಿಯದ ಕೆಲಸವೇನಲ್ಲ.